ಚೂರಿಯ ಅಳತೆ

ಸಂಸ್ಕೃತವನ್ನು ಓದಿ, ಸಂಸ್ಕೃತವನ್ನೇ ಕಲಿಸಿ, ಅರುವತ್ತು ತುಂಬಿದ ಮೇಲೆ ಮನೆಗೆ ಬಂದು ಕುಳಿತ ಮಾಸ್ತರನೊಬ್ಬನು ಚೂರಿಯ ವಿಷಯವಾಗಿ ಲೇಖನ ಬರೆಯಹೊರಟರೆ ವಾಚಕರಿಗೆ ನಗೆ ಬರುವದು ಸಹಜವೇ. ಆ ನಗೆಯು ನಮ್ಮ ಮನೆಯಲ್ಲಿ ಎರಡು ವರ್ಷಗಳ ಹಿಂದೆಯೇ ಆಗಿಹೋಗಿದೆ. ಕಾರಣ ನಮಗೆ ಅದರ ಅಂಜಿಕೆಯಿಲ್ಲ. ಒಲೆ ಉರಿಯುವ ಮನೆಯಲ್ಲಿ ಅಲಗಿಲ್ಲದೆ ಒಂದು ದಿನ ಕಳೆಯದು. ಹೊಲವುಳ್ಳ ಮನೆಯಲ್ಲಿ ಒಂದು ತಾಸೂ ಕಳೆಯದು. ಬಟ್ಟೆಯನ್ನು ಕೊಳ್ಳುವಾಗ ಮೊಳ ಹಾಕಿ ನೋಡುತ್ತೇವೆ, ಚಪ್ಪಲಿಯನ್ನು ಕೊಳ್ಳುವಾಗ ಕಾಲಿಟ್ಟು ನೋಡುತ್ತೇವೆ. ಚೂರಿಯನ್ನು ಕೊಳ್ಳುವಾಗ ಮಾತ್ರ ಅದರ ಹೊಳಪನ್ನು ನೋಡಿ ರೊಕ್ಕ ಎಣಿಸುತ್ತೇವೆ. ನಾವೂ ಹಾಗೆಯೇ ಮಾಡಿದೆವು. ಆ ತಪ್ಪಿನಿಂದ ಒಂದು ಮೂಕಪ್ರಾಣಿಯ ಜೀವ ಹೋಗುವದರಲ್ಲಿತ್ತು. ಅದನ್ನು ಹೇಳಿಕೊಂಡರೆ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಸೇವೆಯಿಂದ ನಿವೃತ್ತರಾದ ಬಳಿಕ ನಾವು ಬೈಲಹೊಂಗಲದ ಬಾಡಿಗೆಯ ಮನೆಯನ್ನು ಬಿಟ್ಟು, ಸವದತ್ತಿಯ ಕಡೆಗಿರುವ ನಮ್ಮ ಹಿರಿಯರ ಹಳ್ಳಿಗೆ ಬಂದೆವು. ಅಲ್ಲಿ ನಮಗೆ ನಾಲ್ಕು ಎಕರೆ ಎರೆಯ ಹೊಲವುಂಟು: ಎರಡರಲ್ಲಿ ಜೋಳ, ಒಂದರಲ್ಲಿ ಹತ್ತಿ, ನೀರು ಹಾಯುವ ಒಂದರಲ್ಲಿ ಕಬ್ಬು. ಅಲ್ಲಿಯ ತನಕ ಖಡುವಿನ ಹೊರತು ಬೇರೆ ಹತಿಯಾರವನ್ನು ಹಿಡಿಯದ ಕೈ ನಮ್ಮದು. ಇನ್ನು ಮೇಲೆ ಒಕ್ಕಲುತನ ಮಾಡಬೇಕೆಂಬ ಹುರುಪಿನಲ್ಲಿ ಇದ್ದಾಗಲೇ, ಪಿಂಚಣಿಯ ಕಾಗದಪತ್ರಗಳ ಸಲುವಾಗಿ ಪಟ್ಟಣಕ್ಕೆ ಹೋಗಬೇಕಾಯಿತು. ಅಲ್ಲಿ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಮಲಗಿತ್ತು. ಹನ್ನೊಂದು ಇಂಚು ಉದ್ದದ ಅಲಗು, ಎರಡೂವರೆ ಇಂಚು ಅಗಲ, ಬೆನ್ನಿಗೆ ಗರಗಸದ ಹಲ್ಲು, ಕರಿಯ ಹಿಡಿಕೆ, ತೊಗಲಿನ ಒರೆ. ಅಂಗಡಿಯವನು, “ಇದು ಬೇಟೆಯ ಚೂರಿ, ಕಾಡಿಗೆ ಹೋಗುವವರು ಇದನ್ನೇ ಒಯ್ಯುತ್ತಾರೆ,” ಎಂದನು. ನಮ್ಮ ದೇಶದಲ್ಲಿ ಬೇಟೆಯಾಡುವದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಲ್ಲಿಸಿದೆಯೆಂಬದು ಅವನಿಗೂ ಗೊತ್ತು, ನಮಗೂ ಗೊತ್ತು. ಆದರೂ ಅವನು ಹೊಗಳಿದನು, ನಾವು ಕೊಂಡೆವು.

ಏಕೆ ಕೊಂಡೆವೆಂಬದನ್ನು ಮುಚ್ಚಿಡುವದಿಲ್ಲ. ನಾವು ಕಿತ್ತೂರ ನಾಡಿನವರು. 1824ರ ಅಕ್ಟೋಬರ್ 23ನೆಯ ದಿನ ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಬಿದ್ದ ಕಥೆಯನ್ನು ತೊಟ್ಟಿಲಲ್ಲಿಯೇ ಕೇಳಿದವರು. ರಾಣಿ ಚೆನ್ನಮ್ಮನು ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ. ಆಕೆಯ ಸಮಾಧಿ ನಮ್ಮ ಶಾಲೆಯ ಹುಡುಗರು ನಡೆದು ಹೋಗುವಷ್ಟು ಹತ್ತಿರ. ಹುಡುಗರನ್ನು ಕರೆದುಕೊಂಡು ಕಿತ್ತೂರಿಗೆ ಹೋದಾಗಲೆಲ್ಲ ಅಲ್ಲಿಯ ಹಳೆಯ ಕತ್ತಿಗಳ ಮುಂದೆ ಹುಡುಗರಿಗಿಂತ ಹೆಚ್ಚು ಹೊತ್ತು ನಿಂತವರು ನಾವೇ. ಥ್ಯಾಕರೆಯನ್ನು ಕೆಡವಿದ್ದು ಅಮಟೂರ ಬಾಳಪ್ಪನ ಬಂದೂಕಿನ ಗುಂಡೇ ಹೊರತು ಕತ್ತಿಯಲ್ಲ; ಇದನ್ನು ನಾವೇ ಪಾಠದಲ್ಲಿ ಹೇಳುತ್ತಿದ್ದೆವು. ಪರಂತು ಮನಸ್ಸಿನೊಳಗಿನ ಹುಡುಗನು ಪಾಠವನ್ನು ಕೇಳುವದಿಲ್ಲ.

ಮನೆಗೆ ಬಂದು ಒರೆಯಿಂದ ಹೊರಗೆ ತೆಗೆದು ತೋರಿಸಿದಾಗ, ನಮ್ಮ ಮನೆಯವರು ಜೋಳದ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ಒಂದು ಗಳಿಗೆ ನೋಡಿದರು. “ಸಂಗ್ಯಾ-ಬಾಳ್ಯಾ ಆಟಾ ಇನ್ನೂ ಮುಗದಿಲ್ಲೇನು?” ಎಂದರು. ಬೈಲಹೊಂಗಲದಲ್ಲಿ ನಡೆದುದೆಂದು ಹೇಳುವ ಆ ಸಣ್ಣಾಟದಲ್ಲಿ ಸಂಗ್ಯಾನ ಕೊಲೆಯಾಗುವದನ್ನು ಬಲ್ಲವರಿಗೆ ಈ ಮಾತಿನ ಚುರುಕು ತಿಳಿದೀತು. ಆ ಮೇಲೆ ಅವರು ತಮ್ಮ ಈಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚತೊಡಗಿದರು.

ನಾವು ಸೋಲನ್ನೊಪ್ಪದೆ ಅಮರಕೋಶದ ಆಸರೆಯನ್ನು ಹಿಡಿದೆವು. ಅಮರಸಿಂಹನು ಚೂರಿಗೆ ಕೊಡುವ ಹೆಸರುಗಳಲ್ಲಿ ಛುರಿಕಾ ಎಂಬದೊಂದು. ನಮ್ಮ ‘ಚೂರಿ’ ಅದರದೇ ಬಳಗದ್ದು. ಇನ್ನೊಂದು ಹೆಸರು ಅಸಿಪುತ್ರೀ, ಅಂದರೆ ಕತ್ತಿಯ ಮಗಳು. ಮತ್ತೊಂದು ಅಸಿಧೇನುಕಾ, ಕತ್ತಿಯೆಂಬ ಜಾತಿಯ ಆಕಳು. ಕುಡಗೋಲಿಗೆ ದಾತ್ರ, ಲವಿತ್ರ ಎಂದು ಎರಡು ಹೆಸರು. ಎರಡೂ ‘ಕೊಯ್ಯುವ ಸಾಧನ’ ಎಂಬರ್ಥದವು. ಮನೆಯವರಿಗೆ ಇದನ್ನೆಲ್ಲ ಹೇಳಿ, “ನೋಡು, ಹಿರಿಯರು ಚೂರಿಗೆ ಎಂಥ ಗೌರವ ಕೊಟ್ಟಿದ್ದಾರೆ,” ಎಂದೆವು. ಅವರು, “ಮಗಳು ಅಂದ ಮ್ಯಾಲೆ ಅವ್ವಗಿಂತ ಸಣ್ಣಾಕಿನ ಇರಬೇಕಲ್ಲ?” ಎಂದು ಕೇಳಿದರು. ಈ ಮಾತಿನಲ್ಲಿಯೇ ಈ ಲೇಖನದ ಸಿದ್ಧಾಂತವೆಲ್ಲ ಅಡಗಿತ್ತು. ಆದರೆ ಆ ದಿನ ಅದು ನಮಗೆ ಬರಿಯ ಚೇಷ್ಟೆಯಾಗಿ ಕೇಳಿಸಿತು.

ಬೇಟೆಯ ಚೂರಿಯ ಪರಾಕ್ರಮವನ್ನು ಒಂದು ವರ್ಷ ನೋಡಿದೆವು. ಕಬ್ಬಿನ ಗಳಕ್ಕೆ ಬೀಸಿದರೆ ಅರ್ಧಕ್ಕೆ ನಿಂತಿತು. ಕಬ್ಬು ಕಡಿಯುವ ಕೂಲಿಯವರ ಕೊಯ್ತಾಕ್ಕೆ ಮುಂದಿನ ಭಾಗದಲ್ಲಿ ತೂಕವಿರುತ್ತದೆ. ತೋಳಿನ ಬೀಸಿಗೆ ಆ ತೂಕ ಕೂಡಿ ಒಂದೇ ಏಟಿಗೆ ಬುಡ ಹರಿಯುತ್ತದೆ. ನಮ್ಮದರ ತೂಕವೆಲ್ಲ ಹಿಡಿಕೆಯ ಕಡೆಗೆ. ಜಾಲಿಯ ಮುಳ್ಳಿನ ಟೊಂಗೆಗೆ ಹಾಕಿದರೆ ಕೈ ಮುಳ್ಳಿಗೆ ತಾಗಿತು. ಅದಕ್ಕೆ ಬೇಕಾದದ್ದು ಉದ್ದ ಕೋಲಿಗೆ ಕುಡಗೋಲು ಕಟ್ಟಿದ ದೋಟಿ. ಸವತೆಕಾಯಿಯ ಸಿಪ್ಪೆ ತೆಗೆಯಹೋದರೆ ಅರ್ಧ ಕಾಯಿ ಸಿಪ್ಪೆಯ ಸಂಗಡ ಹೋಯಿತು, ಏಕೆಂದರೆ ಅಲಗಿನ ಬೆನ್ನು ತೀರ ದಪ್ಪ. ಹೀಗೆ ದೊಡ್ಡ ಕೆಲಸಕ್ಕೆ ಅದು ಚಿಕ್ಕದಾಯಿತು, ಚಿಕ್ಕ ಕೆಲಸಕ್ಕೆ ದೊಡ್ಡದಾಯಿತು. ಗೋಡೆಯ ಗೂಟಕ್ಕೆ ತೂಗುಹಾಕಿ ಬಂದವರಿಗೆ ತೋರಿಸುವ ಕೆಲಸಕ್ಕೆ ಮಾತ್ರ ಸರಿಯಾಗಿತ್ತು.

ಆ ವರ್ಷದ ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟಾಗ, ತೆಂಗಿನಕಾಯಿಯ ಜುಟ್ಟು ತೆಗೆಯಲಿಕ್ಕೆ ಬೇಕಾದೀತೆಂದು ಅದನ್ನು ಕೈಚೀಲದಲ್ಲಿ ಇಟ್ಟುಕೊಂಡೆವು. ಗುಡ್ಡದ ಕೆಳಗೆ ಬಂದೋಬಸ್ತಿಗೆ ನಿಂತಿದ್ದ ಪೋಲೀಸನು ಚೀಲವನ್ನು ನೋಡಿ, ಮೋರೆಯನ್ನು ನೋಡಿ, ತಟ್ಟನೆ ಕೈಮುಗಿದನು. ನಮ್ಮ ಹಳೆಯ ವಿದ್ಯಾರ್ಥಿ. “ಗುರುಗಳ, ಇದು ಗೇಣಿಗಿಂತ ಉದ್ದ ಐತ್ರಿ,” ಎಂದು ಸಣ್ಣ ದನಿಯಲ್ಲಿ ಹೇಳಿದನು. 1959ರ ಆಯುಧ ಕಾಯಿದೆಯ ಕೆಳಗಿನ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದವಾದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗನ್ನು ಆಯುಧವೆಂದು ಎಣಿಸುತ್ತವೆ. ಮನೆಗೆಲಸ, ಒಕ್ಕಲುತನ, ಶಾಸ್ತ್ರಪ್ರಯೋಗ, ಉದ್ಯಮ ಇವುಗಳ ಸಲುವಾಗಿ ಮಾಡಿದವುಗಳನ್ನು ಮಾತ್ರ ಬಿಟ್ಟಿವೆ. ಇದನ್ನು ಅವನೇ ನಮಗೆ ಬಿಡಿಸಿ ಹೇಳಿದನು. ಚೂರಿಯನ್ನು ತನ್ನ ಹತ್ತಿರ ಇಟ್ಟುಕೊಂಡು, ನಾವು ಇಳಿದು ಬರುವಾಗ ಕಾಗದದಲ್ಲಿ ಸುತ್ತಿ ಮರಳಿ ಕೊಟ್ಟನು. ನಮಗೆ ನಾಚಿಕೆಯಾಯಿತು, ಆದರೆ ಒಂದು ವಿಚಾರವೂ ಹೊಳೆಯಿತು. ಒಂಬತ್ತು ಇಂಚು ಅಂದರೆ ನಮ್ಮ ಒಂದು ಗೇಣು. ಹಿಂದಿನವರು ಹನ್ನೆರಡು ಬೆರಳಿಗೆ ಒಂದು ವಿತಸ್ತಿಯೆಂದು ಲೆಕ್ಕ ಹಾಕಿದ್ದೂ ಇದೇ ಗೇಣನ್ನೇ. ಅಲ್ಲದೆ ಕೊಯ್ತಾವು ಗೇಣನ್ನು ಮೀರಿದ್ದರೂ ಕಾಯಿದೆ ಅದನ್ನು ತಡೆಯದು. ಅಂದಮೇಲೆ ಕಾಯಿದೆಯೂ ಅಲಗಿನ ಉದ್ದವನ್ನಷ್ಟೇ ಕೇಳುವದಿಲ್ಲ, ‘ಯಾವ ಕೆಲಸಕ್ಕೆ?’ ಎಂದೂ ಕೇಳುತ್ತದೆ. ಅಂಗಡಿಯಲ್ಲಿ ನಾವು ನಮ್ಮನ್ನು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೇ ಅದು.

ಇಷ್ಟಾದರೂ ಬುದ್ಧಿ ಬಂದಿರಲಿಲ್ಲ. ಬುದ್ಧಿ ಬಂದದ್ದು ಮುಂದಿನ ಶ್ರಾವಣದಲ್ಲಿ.

ಎರಡು ದಿನ ಮಳೆ ಹಿಡಿದು ಬಿಟ್ಟಿತ್ತು. ನಮ್ಮ ಕರಿಯ ಎತ್ತನ್ನು ಹಳ್ಳದ ದಂಡೆಯ ಜಾಲಿಯ ಗಿಡಕ್ಕೆ ಕಟ್ಟಿ ನಾವು ತೋಟದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಕಟ್ಟಿದ್ದು ಈಗಿನ ನೈಲಾನ್ ಹಗ್ಗದಿಂದ; ಗಂಟು ಹಾಕಿದವರೂ ನಾವೇ. ಎತ್ತು ಗಿಡದ ಸುತ್ತ ತಿರುಗಿ, ಹಿಂಗಾಲನ್ನು ಹಗ್ಗದಲ್ಲಿ ಸಿಕ್ಕಿಸಿಕೊಂಡು, ಕೆಸರಿನಲ್ಲಿ ಜಾರಿ ಬಿತ್ತು. ಕೊರಳಿನ ಗಂಟು ಉರುಲಾಗಿ ಬಿಗಿಯಿತು. ಅದರ ಉಸಿರಿನ ಸಪ್ಪಳ ಕಟ್ಟೆಯ ತನಕ ಕೇಳಿಸಿದಾಗ ನಾವು ಓಡಿದೆವು. ಅರ್ಧ ದಾರಿಗೆ ಹೋದ ಮೇಲೆ ಚೂರಿಯು ಗೂಟದ ಮೇಲಿರುವದು ನೆನಪಾಗಿ ತಿರುಗಿ ಓಡಿದೆವು. ದೊಡ್ಡ ಅಲಗಿನ ಮೊದಲನೆಯ ದೋಷ ಇದು: ಬೇಕಾದ ಹೊತ್ತಿಗೆ ಅದು ಮೈಮೇಲೆ ಇರುವದಿಲ್ಲ. ಸಂಗೊಳ್ಳಿ ರಾಯಣ್ಣನು ಸಿಕ್ಕದ್ದೂ ಹಾಗೆಯೇ ಎಂದು ನಮ್ಮ ಕಡೆಯ ಜನ ಹೇಳುತ್ತಾರೆ: ಸ್ನಾನಕ್ಕೆಂದು ಹಳ್ಳಕ್ಕೆ ಇಳಿಯುವಾಗ ಕತ್ತಿಯು ಬೇರೆಯವನ ಕೈಯಲ್ಲಿತ್ತು. ಆ ವೀರನ ದುಃಖದ ಮುಂದೆ ನಮ್ಮ ಫಜೀತಿ ಯಾವ ಲೆಕ್ಕದ್ದು? ಆದರೆ ಓಡುವಾಗ ಆ ಕಥೆಯೇ ಕಣ್ಣ ಮುಂದೆ ಬಂದದ್ದು ನಿಜ.

ಗಿಡದ ಕಡೆಯ ಹಗ್ಗವನ್ನು ಹೇಗೋ ಕಡಿದೆವು. ಆದರೆ ಉರುಲು ಸಡಿಲಾಗಲಿಲ್ಲ. ನಾರಿನ ಹಗ್ಗದ ಹಾಗೆ ನೈಲಾನಿನ ಗಂಟು ಬಿಚ್ಚುವದೂ ಇಲ್ಲ, ಹರಿಯುವದೂ ಇಲ್ಲ. ಅದು ಕೊರಳ ತೊಗಲಿನೊಳಗೆ ಹೂತು ಕಾಣದಂತಾಗಿತ್ತು. ಎರಡೂವರೆ ಇಂಚು ಅಗಲದ ಅಲಗನ್ನು ಹಗ್ಗಕ್ಕೂ ಕೊರಳಿಗೂ ನಡುವೆ ತೂರಿಸುವದು ಹೇಗೆ? ಮೇಲಿನಿಂದಲೇ ಒತ್ತಿದೆವು. ಎತ್ತು ಕೊರಳನ್ನು ಝಾಡಿಸಿತು, ಅಲಗು ಜಾರಿತು, ನೆತ್ತರು ಬಂದಿತು. ಹಗ್ಗ ಮಾತ್ರ ಹಾಗೆಯೇ ಇತ್ತು. ಅದರ ಕಣ್ಣು ಮೇಲಕ್ಕೆ ಹೋಗಿದ್ದವು, ನಾಲಗೆ ಹೊರಗೆ ಬಂದಿತ್ತು. ನಮ್ಮ ಕೈ ನಡುಗುತ್ತಿತ್ತು. ಇನ್ನೊಮ್ಮೆ ಒತ್ತಿದ್ದರೆ ಉರುಲಿಗಿಂತ ಮೊದಲು ಕೊರಳೇ ಹರಿಯುತ್ತಿತ್ತು.

“ಹಿಂದ ಸರೀರಿ ಗುರುಗಳ. ಅದನ್ನ ಬಿಡ್ರಿ, ಅದು ಒಳಗ ಹೋಗೂದಿಲ್ಲ.”

ಹಳ್ಳದ ಆಚೆ ಕುರಿ ಮೇಯಿಸುತ್ತಿದ್ದವನು ನೀರಿನಲ್ಲಿ ಹಾಯ್ದು ಬಂದಿದ್ದನು. ಸೊಂಟದ ಪಟ್ಟಿಯಿಂದ ಒಂದು ಚೂರಿಯನ್ನು ತೆಗೆದನು. ಅದರ ಅಲಗು ನಾಲ್ಕು ಬೆರಳಿಗಿಂತ ಉದ್ದವಿಲ್ಲ. ಎತ್ತಿನ ಕಿವಿಯ ಹಿಂದೆ ಎಡಗೈಯಿಂದ ಸವರಿ ಅದನ್ನು ಒಂದು ಗಳಿಗೆ ಸುಮ್ಮನಾಗಿಸಿ, ಅಲಗನ್ನು ಮಟ್ಟಸವಾಗಿ ಮಲಗಿಸಿ, ತೋರಬೆರಳನ್ನು ಅದರ ಬೆನ್ನಿಗೆ ಚಾಚಿ, ಹಗ್ಗದ ಕೆಳಗೆ ಮೆಲ್ಲನೆ ನುಗ್ಗಿಸಿದನು. ಬೆರಳಿನ ತುದಿ ಎಲ್ಲಿಯೋ ಚೂರಿಯ ಮೊನೆಯೂ ಅಲ್ಲಿಯೇ. ಆ ಮೇಲೆ ಬಾಯನ್ನು ಹೊರಗಡೆಗೆ ತಿರುಗಿಸಿ ತನ್ನ ಕಡೆಗೆ ಎಳೆದನು. ಹಗ್ಗ ಟಣ್ಣೆಂದು ಹರಿಯಿತು. ಎತ್ತು ಉಸಿರೆಳೆದುಕೊಂಡ ಆ ಸಪ್ಪಳವನ್ನು ನಾವು ಇರುವ ತನಕ ಮರೆಯಲಾರೆವು.

ಆಗ ಅವನ ಮೋರೆಯನ್ನು ನೋಡಿದೆವು. ಗುರುತು ಹತ್ತಿತು. ಗುರುತು ಹತ್ತಿದ ಕೂಡಲೆ ನೆಲ ಬಾಯಿ ತೆರೆಯಬಾರದೇ ಅನಿಸಿತು.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಎಂಟನೆಯ ಇಯತ್ತೆಯಲ್ಲಿ ತೃತೀಯಾ ವಿಭಕ್ತಿಯನ್ನು ಕಲಿಸುತ್ತಿದ್ದೆವು. ಕ್ರಿಯೆಯು ಸಿದ್ಧಿಸುವದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವದು ಯಾವುದೋ ಅದು ಕರಣವೆಂದು ಪಾಣಿನಿಯು ಹೇಳಿದ್ದಾನೆ. ಕುಡಗೋಲಿನಿಂದ ಕೊಯ್ಯುವದು, ಕೊಡಲಿಯಿಂದ ಕಡಿಯುವದು, ಇವು ವೈಯಾಕರಣರು ಹಿಂದಿನಿಂದಲೂ ಕೊಡುತ್ತ ಬಂದ ಉದಾಹರಣೆಗಳು. ನಾವೂ ಹಲಗೆಯ ಮೇಲೆ ಅದನ್ನೇ ಬರೆದು, “ಒಕ್ಕಲಿಗನು ಕುಡಗೋಲಿನಿಂದ ಕೊಯ್ಯುತ್ತಾನೆ, ಇಲ್ಲಿ ಕರಣ ಯಾವುದು?” ಎಂದು ಹಿಂದಿನ ಸಾಲಿನಲ್ಲಿದ್ದ ಇವನನ್ನು ಎಬ್ಬಿಸಿ ಕೇಳಿದೆವು. ಇವನು ಬಹಳ ಹೊತ್ತು ವಿಚಾರ ಮಾಡಿ, “ಕೈರಿ,” ಎಂದನು. ತರಗತಿಯೆಲ್ಲ ನಕ್ಕಿತು. ನಾವೂ ನಕ್ಕೆವು. ನಕ್ಕು, “ನಿನಗೆ ವಿಭಕ್ತಿ ಏತಕ್ಕೆ? ಕುರಿ ಕಾಯಲು ಹೋಗು,” ಎಂದೆವು. ಮಾಸ್ತರರ ಬಾಯಿಂದ ದಿನಕ್ಕೆ ಹತ್ತು ಸಲ ಬರುವ ಮಾತು ಅದು. ನಮಗೆ ಸಂಜೆಗೇ ಮರೆತುಹೋಗಿತ್ತು. ಅವನು ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಮನೆಯ ಬಡತನವೇ ಕಾರಣವಿದ್ದೀತು. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ ನಮ್ಮ ಮಾತು ಅದರಲ್ಲಿ ಒಂದು ಪಾಲನ್ನು ಬೇಡುವದನ್ನು ಬಿಡುವದಿಲ್ಲ.

ಎತ್ತಿನ ಕೊರಳಿಗೆ ಅವನು ಅರಿಷಿಣವನ್ನು ಒತ್ತುತ್ತಿರುವಾಗ, ಆ ತೋರಬೆರಳನ್ನು ನಾವು ಮೊದಲೂ ಎಲ್ಲಿಯೋ ನೋಡಿದ್ದೇವೆಂದು ಅನಿಸಿತು. ಆ ರಾತ್ರಿ ನಿದ್ದೆ ಹತ್ತದೆ ಹೊರಳುತ್ತಿದ್ದಾಗ ನೆನಪಾಯಿತು.

ನಾವು ಎಂಟು-ಹತ್ತು ವರ್ಷದ ಹುಡುಗರಾಗಿದ್ದಾಗ ನಮ್ಮ ತಂದೆಯವರ ಹೊಲದಲ್ಲಿ ರಾಮದುರ್ಗದ ಕಡೆಯ ಮುದುಕನೊಬ್ಬನು ಕಾವಲಿಗಿದ್ದನು. ಎಲ್ಲರೂ ಅವನನ್ನು ಮುತ್ಯಾ ಎನ್ನುತ್ತಿದ್ದರು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿದ್ದ ದಿನಗಳು ಅವನ ಪ್ರಾಯದ ದಿನಗಳು; ಆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಆಗ ಅವನು ಅಲ್ಲಿಯ ಗುಡ್ಡಗಳಲ್ಲಿ ಮೊಲ, ಹಂದಿ ಬೇಟೆಯಾಡಿದವನು. ನಾವು ನೋಡುವಾಗ ಬೇಟೆಯನ್ನು ಬಿಟ್ಟಿದ್ದನು. ಅವನ ಬೇಟೆಯ ಚೂರಿಯನ್ನು ತೋರಿಸೆಂದು ಗಂಟುಬಿದ್ದೆವು. ಅವನು ಸೊಂಟದಿಂದ ತೆಗೆದುಕೊಟ್ಟದ್ದು ನಾಲ್ಕು ಬೆರಳಿನ ಒಂದು ಸವೆದ ಅಲಗು. ನಮಗೆ ಅಳುವೇ ಬಂದಿತು.

“ಇಷ್ಟ ಸಣ್ಣ ಚೂರಿಲೆ ಹಂದೀನ್ನ ಹೆಂಗ ಕೊಂದಿ ಮುತ್ಯಾ?”

“ಕೊಲ್ಲೂದು ಚೂರಿ ಕೆಲಸ ಅಲ್ಲೋ ಮಗನ. ಅದನ್ನ ಭರ್ಚಿ ಮಾಡತೈತಿ. ಚೂರಿ ಕೆಲಸ ಆಮ್ಯಾಲಿಂದು,” ಎಂದನು ಮುದುಕ.

ಆಮೇಲಿನ ಕೆಲಸವೆಂದರೆ ತೊಗಲು ಸುಲಿಯುವದು, ಹೊಟ್ಟೆಯನ್ನು ಬಿಡಿಸುವದು. ಅಲ್ಲಿ ಕಣ್ಣಿಗೆ ಏನೂ ಕಾಣದು, ಬ���ರಳೇ ನೋಡಬೇಕು. ಅದಕ್ಕಾಗಿ ತೋರಬೆರಳನ್ನು ಅಲಗಿನ ಬೆನ್ನಿಗೆ ಚಾಚಿ ಹಿಡಿಯಬೇಕು. ಮೊನೆಯು ಬೆರಳಿನ ತುದಿಯನ್ನು ದಾಟಿ ಮುಂದೆ ಹೋದರೆ, ಕಾಣದ ಕಡೆಗೆ ಹೋಗಿ ಕರುಳನ್ನು ಚುಚ್ಚುತ್ತದೆ. ಹೊಲಸು ಹೊರಬಿದ್ದು ಇಡೀ ಮಾಂಸ ಕೆಡುತ್ತದೆ. ಕಾರಣ ಬೇಟೆಗಾರನ ಚೂರಿ ಬೆರಳಿಗಿಂತ ಉದ್ದವಿರಬಾರದೆಂದು ಅವನು ಹೇಳಿದನು. ನಮ್ಮ ಮನೆಯಲ್ಲಿ ಮಾಂಸದ ರೂಢಿಯಿಲ್ಲ, ಬೇಟೆಯೂ ಈಗ ಇಲ್ಲ. ಆದರೆ ಆ ಮಾತು ಎತ್ತಿನ ಕೊರಳಿಗೂ ಸರಿಯಾಯಿತು, ಹಣ್ಣಿನ ಸಿಪ್ಪೆಗೂ ಸರಿಯಾಗುತ್ತದೆ. ಜೀವವನ್ನು ತೆಗೆಯಲಿಕ್ಕೆ ಕಲಿತ ವಿದ್ಯೆಯೇ ಜೀವವನ್ನು ಉಳಿಸಲಿಕ್ಕೆ ಬಂದಿತು.

ಮರುದಿನ ಸುಶ್ರುತಸಂಹಿತೆಯನ್ನು ತೆಗೆದೆವು. ಶಸ್ತ್ರವೈದ್ಯಕ್ಕೆ ಬೇಕಾದ ಇಪ್ಪತ್ತು ಅಲಗುಗಳನ್ನು ಹೇಳುವಾಗ ಸುಶ್ರುತನು ಶಸ್ತ್ರಕ್ಕೆ ಎಂಟು ದೋಷಗಳನ್ನು ಎಣಿಸುತ್ತಾನೆ: ಸೊಟ್ಟಗಿರುವದು, ಮೊಂಡಾಗಿರುವದು, ಮುರಿದಿರುವದು, ಒರಟು ಬಾಯಿಯದಾಗಿರುವದು, ತೀರ ದಪ್ಪವಾಗಿರುವದು, ತೀರ ಕಿರಿದಾಗಿರುವದು, ತೀರ ಉದ್ದವಾಗಿರುವದು, ತೀರ ಗಿಡ್ಡವಾಗಿರುವದು. ಎಂಟರಲ್ಲಿ ನಾಲ್ಕು ಅಳತೆಯ ದೋಷಗಳೇ ಆಗಿರುವದನ್ನು ವಾಚಕರು ಗಮನಿಸಬೇಕು. ಒರಟು ಬಾಯಿ ದೋಷವೆಂದು ಹೇಳಿದರೂ ಗರಗಸಕ್ಕೆ ಮಾತ್ರ ಅದು ಗುಣವೇ, ಏಕೆಂದರೆ ಅದು ಎಲುಬನ್ನು ಕೊಯ್ಯಬೇಕು ಎಂದೂ ಅವನು ಬಿಡಿಸಿದ್ದಾನೆ. ಅಂದರೆ ಅಲಗಿನ ಗುಣದೋಷಗಳು ಅಲಗಿನಲ್ಲಿ ಇಲ್ಲ, ಅದಕ್ಕೆ ಒಪ್ಪಿಸಿದ ಕೆಲಸದಲ್ಲಿವೆ. ಇದನ್ನು ನಾವು ಎಷ್ಟೋ ಸಲ ಓದಿದ್ದೆವು. ನೆತ್ತರು ಕಂಡ ಮೇಲೆ ತಿಳಿಯಿತು.

ಕುರುಬನು ನಮ್ಮನ್ನು ರಾಮದುರ್ಗದ ದಾರಿಯಲ್ಲಿರುವ ತನ್ನ ಪರಿಚಯದ ಕಮ್ಮಾರನ ಕುಲುಮೆಗೆ ಕರೆದುಕೊಂಡು ಹೋದನು. ಕಮ್ಮಾರನು ಮೊದಲು ಕೇಳಿದ್ದು, “ಕೈ ತೋರಸ್ರಿ.” ನಮ್ಮ ಮುಷ್ಟಿಯನ್ನು ಒಂದು ಕಡ್ಡಿಯಿಂದ ಅಳೆದು ಹಿಡಿಕೆಯ ಉದ್ದವನ್ನು ಗೊತ್ತು ಮಾಡಿದನು: ನಾಲ್ಕು ಬೆರಳು ಕೂತು ಒಂದು ಬೆರಳಿನ ಜಾಗ ಉಳಿಯಬೇಕು. ಸಣ್ಣ ಚೂರಿಯ ಅಲಗು ಹಿಡಿಕೆಗಿಂತ ಉದ್ದವಾಗಬಾರದು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಕಾಸಿ ಬಡಿದು, ಕೆಂಪಗೆ ಮಾಡಿ ನೀರಿನಲ್ಲಿ ಅದ್ದಿದನು. ಅಷ್ಟಕ್ಕೇ ಬಿಟ್ಟರೆ ಅದು ಗಾಜಿನ ಹಾಗೆ ಮುರಿಯುತ್ತದೆ. ಆದುದರಿಂದ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಹದವಾಗಿ ಕಾಸಿ, ಒಣಹುಲ್ಲಿನ ಹಳದಿ ಬಣ್ಣ ಬಾಯಿಯ ತನಕ ಹರಿದು ಬಂದೊಡನೆ ಇನ್ನೊಮ್ಮೆ ತಣಿಸಿದನು. ಶಸ್ತ್ರಕ್ಕೆ ಕ್ಷಾರ, ನೀರು, ಎಣ್ಣೆಗಳನ್ನು ಕುಡಿಸುವದನ್ನು ಸುಶ್ರುತನು ಪಾಯನವೆಂದು ಕರೆದಿದ್ದಾನೆ. ಆ ಶಬ್ದವನ್ನು ಬಾಯಿಪಾಠ ಮಾಡಿಸಿದವರು ನಾವು; ಚುಂಯ್ಯೆಂಬ ಅದರ ಸಪ್ಪಳವನ್ನು ಕೇಳಿದ್ದು ಅಂದೇ ಮೊದಲು.

ಗೃಹಸ್ಥರ ಉಪಯೋಗಕ್ಕೆಂದು, ಅಲ್ಲಿ ಕಲಿತದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅಲಗಿನ ಉದ್ದವೆಂದರೆ ಕೈಗೂ ಕೆಲಸಕ್ಕೂ ನಡುವಿನ ಅಂತರ. ಕೈ ಹತ್ತಿರವೇ ಇದ್ದು ಮುಟ್ಟಿ ನೋಡುತ್ತ ಮಾಡಬೇಕಾದ ಕೆಲಸಕ್ಕೆ, ಅಂದರೆ ಹಗ್ಗ, ಹಣ್ಣು, ಸಿಪ್ಪೆ, ಕಾಲಿನ ಮುಳ್ಳು, ಕಸಿಯ ಕಡ್ಡಿ ಇವುಗಳಿಗೆ, ನಾಲ್ಕು ಬೆರಳಿನ ಅಲಗು ಸಾಕು. ಮೂರರಿಂದ ನಾಲ್ಕು ಇಂಚು. ಹೊರಗೆ ತಿರುಗಾಡುವವನು ಒಂದೇ ಚೂರಿಯನ್ನು ಒಯ್ಯುವದಾದರೆ ಇದನ್ನೇ ಒಯ್ಯಬೇಕು, ಏಕೆಂದರೆ ಭಾರವಿಲ್ಲದ್ದರಿಂದ ಯಾವಾಗಲೂ ಮೈಮೇಲೆ ಇರುತ್ತದೆ. ಕುಂಬಳ, ಕಲ್ಲಂಗಡಿಗಳನ್ನು ಸೀಳಲು ಹೆಬ್ಬೆರಳಿನಿಂದ ತೋರಬೆರಳಿನ ತನಕ ಚಾಚಿದಷ್ಟು, ಅಂದರೆ ಒಂದು ಚೋಟು, ಐದಾರು ಇಂಚು. ಸೀಳಬೇಕಾದ ಕಾಯಿ ಅಲಗಿಗಿಂತ ಬಹಳ ದೊಡ್ಡದಾಗಿರಬಾರದು. ಕೈ ದೂರವೇ ನಿಂತು ಬೀಸಿ ಕಡಿಯಬೇಕಾದ ಕಬ್ಬಿಗೂ ಮುಳ್ಳಿಗೂ ಮಾತ್ರ ಗೇಣು ಮೀರಿದ ಅಲಗು. ಅದಕ್ಕೆ ಮುಂಭಾರವಿರಬೇಕು, ಅದು ಹೊಲದಲ್ಲಿಯೇ ಇರಬೇಕು. ಇವು ಮೂರರ ಕೆಲಸವನ್ನು ಒಂದರಿಂದಲೇ ಮಾಡುತ್ತೇವೆನ್ನುವವರಿಗೆ ನಮ್ಮ ಎತ್ತಿನ ಕೊರಳನ್ನು ತೋರಿಸುತ್ತೇವೆ. ಉಳಿದದ್ದು ಅಲ್ಪ: ಅಲಗಿನ ಹಿಂದಿನ ತುದಿ ಹಿಡಿಕೆಯೊಳಗೆ ಕೊನೆಯ ತನಕ ಹೋಗಿದೆಯೇ ನೋಡಿರಿ, ಮೊಂಡ ಚೂರಿಯೇ ಹೆಚ್ಚು ಕೈ ಕೊಯ್ಯುತ್ತದೆ, ಏಕೆಂದರೆ ಅದನ್ನು ಹೆಚ್ಚು ಒತ್ತಬೇಕಾಗುತ್ತದೆ, ಮಸೆಗಲ್ಲಿಗೆ ವಾರಕ್ಕೊಮ್ಮೆ ತೋರಿಸಿರಿ, ಒರೆಯಿಲ್ಲದೆ ಕಿಸೆಯಲ್ಲಿ ಇಡಬೇಡಿರಿ, ಇನ್ನೊಬ್ಬರಿಗೆ ಕೊಡುವಾಗ ಕೈಯಲ್ಲಿ ಕೊಡದೆ ನೆಲಕ್ಕಿಟ್ಟು ಕೊಡುವ ನಮ್ಮ ಹಿರಿಯರ ಪದ್ಧತಿಯನ್ನು ಮೂಢನಂಬಿಕೆಯೆಂದು ಬಿಡಬೇಡಿರಿ.

ಕುಲುಮೆಯಿಂದ ಮರಳುವಾಗ ಬಸ್ಸಿನ ದಾರಿ ಕಾಯುತ್ತ ಒಂದು ಬೇವಿನ ಗಿಡದ ಕೆಳಗೆ ಇಬ್ಬರೂ ಕುಳಿತೆವು. ಎರಡು ದಿನಗಳಿಂದ ಗಂಟಲಲ್ಲಿದ್ದದ್ದನ್ನು ಆಗ ಹೇಳಿದೆವು.

“ತಮ್ಮಾ, ಎಂಟನೇ ಇಯತ್ತೇದಾಗ ನಿನಗ ಒಂದು ಪ್ರಶ್ನೆ ಕೇಳಿದ್ದು ನೆನಪೈತೇನು?”

ಅವನು ತಲೆ ತಗ್ಗಿಸಿ ಕಾಲ ಹತ್ತಿರದ ಕಡ್ಡಿಯೊಂದನ್ನು ಮುರಿದನು. “ನೆನಪೈತ್ರಿ. ಕುಡಗೋಲಿಂದು.” ಅವನು ಮರೆತಿರಲಿಲ್ಲ.

ಸುಶ್ರುತನು ವೈದ್ಯನಿಗೆ ಬೇಕಾದ ನೂರೊಂದು ಯಂತ್ರಗಳನ್ನು ಹೇಳಿ, ಅವೆಲ್ಲವುಗಳಲ್ಲಿ ಕೈಯೇ ಮುಖ್ಯವಾದದ್ದು, ಅದಿಲ್ಲದೆ ಉಳಿದವು ಯಾವವೂ ನಡೆಯವು ಎಂದು ಹೇಳಿರುವದನ್ನು ಅವನಿಗೆ ತಿಳಿಸಿದೆವು. ವ್ಯಾಕರಣದ ಪುಸ್ತಕದಲ್ಲಿ ಉತ್ತರ ಕುಡಗೋಲೇ ಸರಿ. ಆದರೆ ನೀನು ಹೇಳಿದ್ದು ಒಬ್ಬ ಮಹರ್ಷಿಯು ಹೇಳಿದ ಮಾತು. ಅದಕ್ಕೆ ನಕ್ಕದ್ದು ತಪ್ಪಾಯಿತು, ಆ ಮೇಲೆ ಆಡಿದ ಮಾತು ಇನ್ನೂ ದೊಡ್ಡ ತಪ್ಪು ಎಂದೆವು. ಹಿರಿಯರು ಕಿರಿಯರ ಮುಂದೆ ತಪ್ಪೊಪ್ಪುವದು ನಮ್ಮ ಕಡೆಗೆ ರೂಢಿಯಲ್ಲಿಲ್ಲ. ಅವನಿಗೆ ಎತ್ತ ನೋಡಬೇಕೆಂಬದೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಕುರಿ ಕಾಯೂದರಾಗ ತಪ್ಪೇನೈತ್ರಿ ಗುರುಗಳ?” ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಕಾಯುವದರಲ್ಲಿ ತಪ್ಪಿಲ್ಲ, ಅದನ್ನು ಬೈಗಳವಾಗಿ ಮಾಡಿದವರಲ್ಲಿ ತಪ್ಪು.

ಬಸ್ಸು ಬಂದ ಮೇಲೆ ಅವನು ಹೇಳಿದನು: ಮಗಳು ಈ ವರ್ಷ ಎಂಟನೆಯ ಇಯತ್ತೆಗೆ ಬಂದಿದ್ದಾಳೆ, ಸಂಸ್ಕೃತ ತಿಳಿಯದೆ ಅಳುತ್ತಾಳೆ, ಆದಿತ್ಯವಾರ ಕಳಿಸಲೇ ಎಂದು.

ಆ ಹುಡುಗಿ ಈಗ ವಾರವಾರವೂ ಬರುತ್ತಾಳೆ. ಪಾಠ ಮುಗಿದ ಮೇಲೆ ನಮ್ಮ ಮನೆಯವರು ಕಬ್ಬಿನ ತುಂಡನ್ನು ಕೊಟ್ಟರೆ, ನಮ್ಮ ಹೊಸ ಚೂರಿಯನ್ನು ಇಸಕೊಂಡು, ತೋರಬೆರಳನ್ನು ಬೆನ್ನಿಗೆ ಚಾಚಿ ಸಿಪ್ಪೆ ತೆಗೆಯುತ್ತಾಳೆ. ಅದನ್ನು ನಾವು ಕಲಿಸಲಿಲ್ಲ. ಎತ್ತಿನ ಕೊರಳ ಗಾಯ ಮಾಯ್ದಿದೆ, ಕಲೆ ಉಳಿದಿದೆ. ಖಂಡೇಪೂಜೆಯ ದಿನ ಕುಡಗೋಲು, ಕೊಡಲಿ, ಈಳಿಗೆಗಳ ಸಾಲಿನಲ್ಲಿ ನಾಲ್ಕು ಬೆರಳಿನ ಚೂರಿಯನ್ನೂ ಇಟ್ಟು ಅರಿಷಿಣ ಕುಂಕುಮ ಹಚ್ಚಿದೆವು. ಬೇಟೆಯ ಚೂರಿ ಮಾತ್ರ ಆ ಸಾಲಿನಲ್ಲಿ ಇರಲಿಲ್ಲ. ನಮ್ಮ ಮನೆಯವರು ಅದನ್ನು ಹಳೆಯ ಕಬ್ಬಿಣ ಕೊಳ್ಳುವವನಿಗೆ ಕೊಟ್ಟು, ಬಂದ ರೊಕ್ಕದಿಂದ ಉಳ್ಳಾಗಡ್ಡಿ ಕೊಂಡಿದ್ದರು. ಆ ಉಳ್ಳಾಗಡ್ಡಿಯನ್ನು ಹೆಚ್ಚಿದ್ದು ಅವರ ಅದೇ ಈಳಿಗೆಯ ಮೇಲೆ.